ಲಿಬ್‌ಸೋಡಿಯಂನ ಸೀಲ್ಡ್ ಬಾಕ್ಸ್: ಬೀಗ ಗಟ್ಟಿ, ಕೀಲಿಕೈ ಎಲ್ಲಿಡುತ್ತೀರಿ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ಖರೀದಿಗೋ ಹಾಲಿನ ಲೆಕ್ಕಕ್ಕೋ ಆ್ಯಪ್ ಮಾಡಿಕೊಡುವವರು ಎಪಿಐಗೆ (ಆ್ಯಪ್ ಸರ್ವರಿನೊಂದಿಗೆ ಮಾತಾಡುವ ಬಾಗಿಲು) ಎಚ್‌ಟಿಟಿಪಿಎಸ್ ಹಾಕಿದಲ್ಲಿಗೆ ಭದ್ರತೆ ಮುಗಿಯಿತು ಅಂದುಕೊಳ್ಳುವುದುಂಟು. ಕೃಷಿಕರ ಖಾತೆ ನಂಬರು ಫೋನಿನಿಂದ ಸರ್ವರಿನ ಹೊರಬಾಗಿಲಾದ ಎಂಜಿನ್‌ಎಕ್ಸ್ ತನಕ ಭದ್ರ, ಸರಿ. ಅಲ್ಲಿ ಎಚ್‌ಟಿಟಿಪಿಎಸ್‌ನ ಗೂಢ ಹೊದಿಕೆಯಾದ ಟಿಎಲ್‌ಎಸ್ ಬಿಚ್ಚಿಕೊಳ್ಳುತ್ತದೆ. ಎದುರಿಗೆ ಸಿಡಿಎನ್ (ನಡುವೆ ನಿಲ್ಲುವ ಬೇರೆಯವರ ಸರ್ವರ್ ಜಾಲ) ಇದ್ದರೆ ಇನ್ನೂ ಮೊದಲೇ, ಬೇರೆಯವರ ಯಂತ್ರದಲ್ಲೇ. ಆಮೇಲೆ ಎಪಿಐ ಪ್ರೋಗ್ರಾಂ, ಎರರ್ ಲಾಗ್, ಡೇಟಾಬೇಸ್, ಅದರ ಬ್ಯಾಕಪ್ ಎಲ್ಲ ಕಡೆ ನಂಬರು ಹಾಗೇ ಓದಲು ಸಿಗುತ್ತದೆ. ಖಾತೆ ನಂಬರನ್ನು ಯುಆರ್‌ಎಲ್‌ನಲ್ಲೇ ಕಳಿಸಿದ್ದರಂತೂ ಆಕ್ಸೆಸ್ ಲಾಗ್‌ನಲ್ಲಿ ಸಾಲುಸಾಲಾಗಿ.

ಈ ಸಂದು ಮುಚ್ಚಲು ಲಿಬ್‌ಸೋಡಿಯಂ ಎಂಬ ಗೂಢಲಿಪಿ ಲೈಬ್ರರಿಯ ಸೀಲ್ಡ್ ಬಾಕ್ಸ್ ಒಳ್ಳೆಯ ಸಾಧನ. ಲೈಬ್ರರಿಗೆ ಕಾಸಿಲ್ಲ, ಅದು 2013ರಿಂದ ಇದೆ, ಸರ್ವರ್ ಬದಿಯ ಭಾಷೆಯಾದ ಪಿಎಚ್‌ಪಿಯ 7.2ರಿಂದ ಈಚೆಗೆ ಭಾಷೆಯ ಜೊತೆಗೇ ಬರುತ್ತದೆ. ಸೀಲ್ ಮಾಡಲು ಮಾತ್ರ ಬರುವ 32 ಬೈಟಿನ ಪಬ್ಲಿಕ್ ಕೀ ಆ್ಯಪ್‌ನಲ್ಲಿದ್ದರೆ ಸಾಕು; ತೆರೆಯಲು ಅದರ ಜೋಡಿಯಾದ ಪ್ರೈವೇಟ್ ಕೀ ಬೇಕು. ಸೀಲ್ ಮಾಡಿದ ಫೋನಿಗೂ ಅದನ್ನು ಮತ್ತೆ ತೆರೆಯಲಾಗದು. ರೇಂಜ್ ಸಿಗದ ಗುಡ್ಡೆಯ ಬದಿಯಲ್ಲಿ ಸೀಲ್ ಆದ ಖರೀದಿ ಚೀಟಿಗಳು ಸಂಜೆ ತನಕ ಫೋನಿನಲ್ಲೇ ಕಾದಿದ್ದರೂ ಹೆದರಿಕೆ ಇಲ್ಲ. 2015ರಲ್ಲಿ ಬಂದ ಜೆಡಬ್ಲ್ಯುಇ ಎಂಬ ಗೂಢಲಿಪಿ ಮಾನಕ ಕೂಡ ಈ ಕೆಲಸ ಮಾಡುತ್ತದೆ. ಆದರೆ ಯಾವ ಆಲ್ಗಾರಿದಂ ಎಂಬುದು ಅದರಲ್ಲಿ ಬರುವ ಹೆಡರಿನಲ್ಲೇ ಇರುತ್ತದೆ. ಯಾವುದನ್ನು ಒಪ್ಪಬೇಕೆಂದು ಪಟ್ಟಿ ಕಟ್ಟುವ ಹೊಣೆ ನಮ್ಮದು. ಸೀಲ್ಡ್ ಬಾಕ್ಸ್‌ನಲ್ಲಿ ಆಯ್ಕೆಯೇ ಇಲ್ಲ, ತಪ್ಪಲು ಜಾಗವೂ ಕಡಿಮೆ.

ಸೀಲ್ ಮಾಡಬೇಕಾದದ್ದು ಜೆಸನ್ (ಸರ್ವರಿಗೆ ಕಳಿಸುವ ಮಾಹಿತಿಯ ಪಠ್ಯರೂಪ) ಕಟ್ಟುವ ಮೊದಲು, ಆ್ಯಪ್‌ನ ಒಳಗೆ. ಬಿಡಿಸಬೇಕಾದದ್ದು ಬ್ಯಾಂಕಿಗೆ ಹಣ ಕಳಿಸುವ ಪ್ರೋಗ್ರಾಂ ಒಂದರಲ್ಲೇ. ಅದನ್ನೂ ಬೇರೆ ಯಂತ್ರದಲ್ಲಿ ಇಡಿ. ಎಪಿಐ ಸರ್ವರಿನ ಎನ್ವ್ (ಸೆಟ್ಟಿಂಗ್) ಫೈಲಿನಲ್ಲಿ ಪ್ರೈವೇಟ್ ಕೀ ಇಟ್ಟರೆ ಬೀಗ ಹಾಕಿ ಕೀಲಿಕೈಯನ್ನು ದಾರಂದದ ಮೇಲಿಟ್ಟ ಹಾಗೆ. ತೂಕ, ದರ, ತಾರೀಕು ಬಯಲಲ್ಲೇ ಇರಲಿ. ಮೊತ್ತ ಕೂಡಿಸಲು ಸರ್ವರಿಗೆ ಅವು ಬೇಕು.

ಸೀಲ್ ಮಾಡಿದ ಮೇಲೆ 48 ಬೈಟ್ ಹೆಚ್ಚುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್. ‘ಸೀತಾಂಗೋಳಿ’ ಎಂದರೆ 9 ಚಿಹ್ನೆ, 27 ಬೈಟ್; ಸೀಲ್ ಆದಾಗ 75, ಬೈಟ್‌ಗಳನ್ನು ಸಾದಾ ಅಕ್ಷರಗಳಾಗಿ ಬರೆಯುವ ಬೇಸ್64 ಆದಾಗ 100 ಅಕ್ಷರ. ಊರಿನ ಕಾಲಂ 64ಕ್ಕೆ ನಿಲ್ಲಿಸಿದ್ದು, ಡೇಟಾಬೇಸ್ ಸದ್ದಿಲ್ಲದೆ ಬಾಲ ಕತ್ತರಿಸುವಂತೆ ಹೊಂದಿಸಿದ್ದರೆ ಅದು ಇನ್ನೆಂದೂ ತೆರೆಯದು. ಅದೇ ಹೆಸರಿನ ‘ೀ’, ‘ೋ’ಗಳನ್ನು ಬಿಡಿ ಚಿಹ್ನೆಗಳಾಗಿ ಬರೆದರೆ 12 ಚಿಹ್ನೆ, 36 ಬೈಟ್. ಕಣ್ಣಿಗೆ ಎರಡೂ ಒಂದೇ. ಹುಡುಕಲೆಂದು ಹೆಸರಿನ ಎಚ್‌ಮ್ಯಾಕ್ (ಗುಟ್ಟಿನ ಕೀ ಸೇರಿಸಿ ತೆಗೆದ ಗುರುತು) ಇಡುವುದಾದರೆ ಮೊದಲು ಎನ್‌ಎಫ್‌ಸಿಗೆ (ಬಿಡಿ ಚಿಹ್ನೆಗಳನ್ನು ಕೂಡಿಸಿ ಬರೆಯುವ ಯುನಿಕೋಡ್ ರೂಪ) ತನ್ನಿ, ಇಲ್ಲದಿದ್ದರೆ ಒಬ್ಬರೇ ಎರಡು ಸಲ ದಾಖಲಾಗುತ್ತಾರೆ. ಫೋನ್ ನಂಬರಿಗೆ ಕೀ ಇಲ್ಲದೆ ತೆಗೆಯುವ ಗುರುತಾದ ಬರಿಯ ಶಾ-256 ಸಾಲದು: ಹತ್ತೇ ಅಂಕಿ, ಎಲ್ಲವನ್ನೂ ಲೆಕ್ಕ ಹಾಕಿ ಹೋಲಿಸಬಹುದು. ಗುಟ್ಟಿನ ಕೀ ಇರುವ ಎಚ್‌ಮ್ಯಾಕ್ ಬೇಕು.

ಕಾಡುವ ಇನ್ನೊಂದು ತೊಂದರೆ ಬೇಸ್64ರದ್ದು. ಜಾವಾಸ್ಕ್ರಿಪ್ಟ್ ಲಿಬ್‌ಸೋಡಿಯಂ ಏನೂ ಹೇಳದಿದ್ದರೆ ಯುಆರ್‌ಎಲ್‌ಗೆ ಹೊಂದುವ ಬಗೆಯನ್ನು ಬಳಸುತ್ತದೆ. ಪ್ಲಸ್, ಸ್ಲ್ಯಾಶ್ ಬದಲು ಅಡ್ಡಗೆರೆ, ಅಡಿಗೆರೆ. ಪಿಎಚ್‌ಪಿಯ ಮಾಮೂಲಿ ಡಿಕೋಡ್ ಆ ಎರಡನ್ನೂ ಸದ್ದಿಲ್ಲದೆ ನುಂಗುತ್ತದೆ, ಪೆಟ್ಟಿಗೆ ತೆರೆಯುವುದಿಲ್ಲ. ಅವೆರಡೂ ಇಲ್ಲದ ಸಾಲು ಮಾತ್ರ ಸರಿಯಾಗಿ ತೆರೆಯುತ್ತದೆ: 100 ಅಕ್ಷರದ ಸಾಲುಗಳಲ್ಲಿ ನೂರಕ್ಕೆ ಸುಮಾರು ನಾಲ್ಕು. ಆ ನಾಲ್ಕರಿಂದಾಗಿಯೇ ಹುಡುಕುವವರು ಕೀ ಸರಿಯಿದೆ ಎಂದು ನಂಬಿ ದಾರಿ ತಪ್ಪುತ್ತಾರೆ. ಪಿಎಚ್‌ಪಿಯ ಸೋಡಿಯಂನಲ್ಲೇ ಇರುವ ಬೇಸ್64 ಫಂಕ್ಷನ್ ಬಳಸಿ, ಬಗೆಯನ್ನು ಎರಡೂ ಕಡೆ ಹೆಸರಿಟ್ಟು ಬರೆಯಿರಿ.

ಸೀಲ್ಡ್ ಬಾಕ್ಸ್ ಮಾಡದ ಕೆಲಸಗಳೂ ಇವೆ. ಕಳಿಸಿದ್ದು ಯಾರೆಂದು ಅದು ಹೇಳುವುದಿಲ್ಲ. ಪಬ್ಲಿಕ್ ಕೀ ಸಿಕ್ಕಿದ ಯಾರೂ ಪೆಟ್ಟಿಗೆ ಕಟ್ಟಬಹುದು. ಅದಕ್ಕೆ ಫೋನಿನ ಎಡ್25519 ಸಹಿ ಸೇರಿಸಿ, ಮತ್ತೆ 64 ಬೈಟ್. ಡೇಟಾಬೇಸಿಗೆ ಕೈ ಹಾಕಿದವರು ಒಬ್ಬರ ಸೀಲ್ ಆದ ಖಾತೆ ನಂಬರನ್ನು ಇನ್ನೊಬ್ಬರ ಸಾಲಿಗೆ ಅಂಟಿಸಿದರೂ ಪೆಟ್ಟಿಗೆ ತೆರೆಯುತ್ತದೆ, ಹಣ ಬೇರೆಡೆ ಹೋಗುತ್ತದೆ. ಹಾಗಾಗಿ ಸದಸ್ಯ ಸಂಖ್ಯೆಯನ್ನೂ ಸಮಯವನ್ನೂ ಪೆಟ್ಟಿಗೆಯ ಒಳಗೇ ಇಟ್ಟು, ತೆರೆದ ಮೇಲೆ ಸಾಲಿನೊಂದಿಗೆ ತಾಳೆ ನೋಡಿ. ಮತ್ತೆ ಸೀಲ್ ಮಾಡಿದಾಗ ಅದೇ ಚೀಟಿ ಬೇರೆಯದೇ ಆಗಿ ಕಾಣುವುದರಿಂದ, ರೇಂಜ್ ತಪ್ಪಿ ಎರಡು ಸಲ ಹೋದದ್ದು ಸರ್ವರಿಗೆ ತಿಳಿಯದು. ಚೀಟಿ ಸಂಖ್ಯೆ ಹೊರಗಿರಲಿ.

ಕೀ ಬದಲಿಸುವ ದಾರಿಯನ್ನು ಮೊದಲ ದಿನವೇ ಕಟ್ಟಬೇಕು. ಯಾವ ಕೀಯಿಂದ ಸೀಲ್ ಆಯಿತೆಂದು ತಿಳಿಯಲು ಪೆಟ್ಟಿಗೆಯ ಜೊತೆ ಒಂದು ಬೈಟಿನ ಕೀ ಸಂಖ್ಯೆ ಸಾಕು. ಹೊಸ ಪಬ್ಲಿಕ್ ಕೀಯನ್ನು ಎಪಿಐ ಸರ್ವರ್ ಕೊಟ್ಟಿತೆಂದು ಆ್ಯಪ್ ನಂಬಬಾರದು, ಸರ್ವರ್ ಹಿಡಿದವರು ತಮ್ಮ ಕೀಯನ್ನೇ ಹಂಚಿಬಿಡಬಹುದು. ಬೇರೆಡೆ ಸಹಿ ಮಾಡಿದ ಕೀಯನ್ನು ಮಾತ್ರ ಆ್ಯಪ್ ಒಪ್ಪಲಿ. ಹಳೆಯ ಪಬ್ಲಿಕ್ ಕೀಯಿಂದ ಸೀಲ್ ಆದ ಸಾಲು ಒಂದೂ ಉಳಿದಿಲ್ಲ ಎಂದಾಗುವ ತನಕ ಅದರ ಜೋಡಿ ಪ್ರೈವೇಟ್ ಕೀಯನ್ನು ಅಳಿಸಬೇಡಿ; ಕಳೆದರೆ ಮರಳಿ ಪಡೆಯುವ ಉಪಾಯವೇ ಇಲ್ಲ.

ಫೋನ್ ಆ್ಯಪ್‌ಗೆ ಧೈರ್ಯವಾಗಿ ತೆಗೆದುಕೊಳ್ಳಬಹುದು. ಕಚೇರಿಯವರು ಬ್ರೌಸರಿನಲ್ಲಿ ತೆರೆಯುವ ಪುಟಕ್ಕೆ ಇದನ್ನೇ ಹಾಕಿ ‘ಎಂಡ್ ಟು ಎಂಡ್’ ಎಂದು ಬೋರ್ಡು ತೂಗಿಸಬೇಡಿ: ಸೀಲ್ ಮಾಡುವ ಜಾವಾಸ್ಕ್ರಿಪ್ಟ್ ಪ್ರತಿ ಸಲವೂ ಅದೇ ಸರ್ವರಿನಿಂದ ಇಳಿದು ಬರುತ್ತದೆ, ಸರ್ವರ್ ಹಿಡಿದವರು ಅದನ್ನೇ ಬದಲಿಸಬಹುದು.