ಬೆರಳಿಗೆ ಬೊಬ್ಬೆ ತಂದ ಗಿಟಾರ್: ನಾಲ್ಕು ತಿಂಗಳ ಅನುಭವ

ನಿವೃತ್ತಿಯಾದ ಮರುವಾರವೇ, ಗುರುಗಳಿಲ್ಲದೆ ಕಲಿಯುತ್ತೇನೆಂದು ಹಟ ಹಿಡಿದು ಉಕ್ಕಿನ ತಂತಿಯ ಈ ಅಕೌಸ್ಟಿಕ್ ಗಿಟಾರ್ ತರಿಸಿದೆ. ತಯಾರಕರ ಹೆಸರು ಹೇಳುವುದಿಲ್ಲ. ನಾನು ಹೇಳಲಿರುವ ತೊಂದರೆ ಆರಂಭಿಕರಿಗೆಂದು ಮಾರುವ ಅನೇಕ ಗಿಟಾರ್‌ಗಳ ಹಣೆಬರಹ. ಮೂರು ವಾರ ಎಡಗೈ ಬೆರಳ ತುದಿಗಳು ಉರಿದವು. ಎಫ್ ಕಾರ್ಡ್ (ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ) ಹಿಡಿದರೆ ಆರು ತಂತಿಗಳಲ್ಲಿ ಎರಡು ಮಾತ್ರ ನುಡಿಯುತ್ತಿದ್ದವು, ಉಳಿದವು ಕೆಮ್ಮುತ್ತಿದ್ದವು. ತಪ್ಪು ನನ್ನದೆಂದೇ ನಂಬಿದ್ದೆ. ಒಂದು ದಿನ ಅಳತೆಪಟ್ಟಿ ಇಟ್ಟು ನೋಡಿದರೆ 12ನೇ ಫ್ರೆಟ್‌ನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ದಪ್ಪ ತಂತಿ ಸುಮಾರು 4 ಮಿ.ಮೀ. ಎತ್ತರದಲ್ಲಿತ್ತು! 2.5 ಇದ್ದರೆ ಸಾಕು.

ಗಿಟಾರ್‌ನ ಕತ್ತು ನೆಟ್ಟಗಿದೆಯೇ ಎಂದು ಮೊದಲು ನೋಡಿಕೊಂಡು, ತಂತಿಗಳನ್ನು ಸಡಿಲಿಸಿ, ತಂತಿಗಳು ಕೂರುವ ಸ್ಯಾಡಲ್ ಎಂಬ ಬಿಳಿ ಪಟ್ಟಿಯನ್ನು ಹೊರತೆಗೆದು ಅದರ ತಳವನ್ನು ಮರಳುಕಾಗದದ ಮೇಲೆ ಉಜ್ಜಿದೆ. ಲೆಕ್ಕ ಹೀಗೆ: ಸ್ಯಾಡಲ್ 2 ಮಿ.ಮೀ. ತಗ್ಗಿದರೆ 12ನೇ ಫ್ರೆಟ್‌ನಲ್ಲಿ ತಂತಿ ತಗ್ಗುವುದು 1 ಮಿ.ಮೀ. ಮಾತ್ರ. ಅವಸರಪಟ್ಟು ಹೆಚ್ಚು ಉಜ್ಜಿದರೆ ತಂತಿ ಫ್ರೆಟ್‌ಗೆ ತಾಗಿ ಝರ್ರೆನ್ನುತ್ತದೆ. ನಾನು ಎರಡು ಸಂಜೆ ತೆಗೆದುಕೊಂಡೆ. ಜೊತೆಗೆ 0.012 ಇಂಚಿನಿಂದ (ಅತಿ ತೆಳು ತಂತಿಯ ದಪ್ಪ) ಶುರುವಾಗುವ ತಂತಿಗಳನ್ನು ಬಿಚ್ಚಿ 0.010ರ ತೆಳು ತಂತಿಗಳನ್ನು ಹಾಕಿದೆ. ಬೇರೆಯೇ ವಾದ್ಯವಾಯಿತು.

ಗಿಟಾರ್ ಜೊತೆ ಬಂದ ಕ್ಲಿಪ್ ಟ್ಯೂನರ್‌ಗೆ (ಗಿಟಾರ್ ತಲೆಗೆ ಸಿಕ್ಕಿಸುವ ಶ್ರುತಿ ತೋರಿಸುವ ಸಾಧನ) ಮಾತ್ರ ಪೂರ್ಣ ಅಂಕ. ಮರದ ಕಂಪನವನ್ನೇ ಹಿಡಿಯುವುದರಿಂದ ಮನೆಯವರು ಟಿ.ವಿ. ನೋಡುತ್ತಿದ್ದರೂ ಶ್ರುತಿ ಕೂಡುತ್ತದೆ. ಬಿರಡೆಗಳು ಗಟ್ಟಿ. ಚೀಲದ ಜಿಪ್ ಆಗಲೇ ಕಿತ್ತುಹೋಗಿದೆ. ಎಫ್ ಈಗ ಐದು ತಂತಿಗಳಲ್ಲಿ ನುಡಿಯುತ್ತದೆ. ಆರನೆಯದರ ಜೊತೆ ಜಗಳ ಇನ್ನೂ ನಡೆದಿದೆ.