ಸಿಂಗಾಪುರ್ ಏರ್‌ಲೈನ್ಸ್ 2020ರ ರೈಟ್ಸ್ ಇಶ್ಯೂ: 1,000 ಷೇರು ಇಟ್ಕೊಂಡಿದ್ದವನ ರಿವ್ಯೂ

ಮೊನ್ನೆ ಊರಿಂದ ತಮ್ಮ ಫೋನ್ ಮಾಡಿದ್ದ, ಅವನ ಹತ್ರ ಷೇರಿರೋ ಯಾವ್ದೋ ಕಂಪನಿ ರೈಟ್ಸ್ ಕೊಡ್ತಿದೆಯಂತೆ (ಅಂದ್ರೆ ಈಗಾಗ್ಲೇ ಷೇರಿರೋರಿಗೇ ಕಮ್ಮಿ ರೇಟಲ್ಲಿ ಹೊಸ ಷೇರು ಕೊಳ್ಳೋ ಹಕ್ಕು), ಅಣ್ಣ ಇದನ್ನ ತಗೋಬೇಕಾ ಬಿಡ್ಬೇಕಾ ಅಂತ. ಅವನಿಗೆ ಹೇಳ್ತಾ ಹೇಳ್ತಾ ನಂದೇ ಕಥೆ ಎಲ್ಲಾ ನೆನಪಾಯ್ತು, ಕೋವಿಡ್ ಟೈಮಲ್ಲಿ ಇಲ್ಲಿ ಸಿಂಗಾಪುರದಲ್ಲಿ ನಾವು ಕನ್ನಡದ ನಾಲ್ಕು ಮನೆಯೋರು ರಾತ್ರಿ ರಾತ್ರಿ ಫೋನಲ್ಲಿ ಜಗಳ ಆಡಿದ್ದು. ಅದಕ್ಕೇ ಬರೀತಿದೀನಿ. ಫೋನ್‌ಗೆ ಟಿವಿಗೆ ರಿವ್ಯೂ ಬರೀತೀವಿ, ಜೀವನದಲ್ಲಿ ಕೂಡಿಟ್ಟ ದುಡ್ಡು ಹಾಕೋ ಇಂಥದ್ದಕ್ಕೆ ಯಾರೂ ಬರೆಯಲ್ಲ.

ಮೊದ್ಲು ಪರಿಸ್ಥಿತಿ ಹೇಳ್ತೀನಿ. 2020ರ ಮಾರ್ಚ್ ಕೊನೇಲಿ ಏರ್‌ಲೈನ್ಸ್‌ನೋರು ತಮ್ಮ ಹಾರಾಟ ನೂರಕ್ಕೆ 96ರಷ್ಟು ಕಟ್ ಮಾಡಿದ್ರು, ಅವರದೇ ಸಿಲ್ಕ್‌ಏರ್ ಸೇರಿ 147 ವಿಮಾನದಲ್ಲಿ 138 ನೆಲದ ಮೇಲೇ. ಇಂಡಿಯಾ ಥರ ದೇಶದ ಒಳಗೆ ಹಾರ್ಸೋಣ ಅಂದ್ರೆ ಈ ದೇಶದಲ್ಲಿ ಇನ್ನೊಂದು ಊರೇ ಇಲ್ಲ. ಅದಾಗಿ ಮೂರೇ ದಿನಕ್ಕೆ, ಮಾರ್ಚ್ 26ಕ್ಕೆ, ಷೇರುದಾರರಿಂದ ದುಡ್ಡು ಎತ್ತೋ ಪ್ಲಾನ್ ಹೊರಗೆ ಬಂತು: ಷೇರಿನ ಲೆಕ್ಕದಲ್ಲಿ 530 ಕೋಟಿ ಸಿಂಗಾಪುರ್ ಡಾಲರ್, ಬಾಂಡ್ ಲೆಕ್ಕದಲ್ಲಿ 350 ಕೋಟಿ, ಅದರ ಮೇಲೆ ಬೇಕಾದ್ರೆ ಮುಂದೆ ಇನ್ನಷ್ಟು ಬಾಂಡ್. ಯಾರೂ ತಗೊಳ್ದೆ ಉಳಿದಿದ್ದನ್ನೆಲ್ಲಾ ತಾನು ತಗೊಳ್ತೀನಿ ಅಂತ ಸಿಂಗಾಪುರ್ ಸರ್ಕಾರದ ಹೂಡಿಕೆ ಕಂಪನಿ ಟೆಮಾಸೆಕ್ ಮಾತು ಕೊಟ್ಟಿತ್ತು, ಏರ್‌ಲೈನ್ಸಲ್ಲಿ ಆಗ ಸುಮಾರು 55 ಪರ್ಸೆಂಟ್ ಅವರದೇ.

ಈಗ ನನ್ನಂಥೋನಿಗೆ ಇದರ ಅರ್ಥ ಏನು ನೋಡಿ. ನನ್ನ ಹತ್ರ 1,000 ಷೇರಿತ್ತು, ಅನೌನ್ಸ್ ಆಗೋಕೆ ಮುಂಚೆ ರೇಟು 6.50, ಅಂದ್ರೆ 6,500 ಡಾಲರ್ ಬಾಳೋ ಮಾಲು. ಎರಡು ಷೇರಿಗೆ ಮೂರು ಹೊಸ ಷೇರು, ತಲಾ 3 ಡಾಲರ್, ಅಲ್ಲಿಗೆ 1,500 ಷೇರಿಗೆ 4,500. ಜೊತೆಗೆ 100 ಷೇರಿಗೆ 295 ಬಾಂಡು, ಒಂದೊಂದು 1 ಡಾಲರ್, ಅಲ್ಲಿ 2,950. ಒಟ್ಟು 7,450! ಇರೋ ಮಾಲಿಗಿಂತ ಕೇಳ್ತಿರೋ ದುಡ್ಡೇ ಜಾಸ್ತಿ. ಅಡುಗೆಮನೆ ಟೇಬಲ್ ಮೇಲೆ ಹಳೇ ಕರೆಂಟ್ ಬಿಲ್ ಹಿಂದ್ಗಡೆ ಈ ಲೆಕ್ಕ ಬರೆದು ಹೆಂಡ್ತಿಗೆ ತೋರಿಸಿದೆ, ಅವಳು ಏನೂ ಮಾತಾಡ್ದೆ ಪೆನ್ನು ಇಸ್ಕೊಂಡು ಮಗಳ ಸ್ಕೂಲ್ ಫೀಸು, ಮನೆ ಬಾಡಿಗೆ ಎರಡನ್ನೂ ಅದರ ಕೆಳಗೆ ಬರೆದ್ಲು.

ಆಗ ಶುರುವಾಗಿದ್ದು ಚರ್ಚೆ. ಏಪ್ರಿಲ್ 7ರಿಂದ ಇಲ್ಲಿ ಸರ್ಕ್ಯೂಟ್ ಬ್ರೇಕರ್, ಅಂದ್ರೆ ಇಲ್ಲಿನ ಲಾಕ್‌ಡೌನ್, ಯಾರ ಮನೆಗೂ ಹೋಗಂಗಿಲ್ಲ, ಎಲ್ಲಾ ಫೋನಲ್ಲೇ. ಮಂಗಳೂರಿನ ಗೆಳೆಯ ಒಬ್ಬ ಮೊದಲ ದಿನದಿಂದ ಬೇಡ ಅಂದೋನು, "ಮಾರಾಯ, ವಿಮಾನ ಹಾರುದೇ ಇಲ್ಲ, ನೀನು ಎಂತ ನೋಡಿ ದುಡ್ಡು ಹಾಕುದು?" ಧಾರವಾಡದೋರು ಒಬ್ರು ನಮಗಿಂತ ದೊಡ್ಡೋರು, ಬ್ಯಾಂಕಲ್ಲಿ ಕೆಲಸ ಮಾಡಿದೋರು, "ಟೆಮಾಸೆಕ್ ಹಿಂದ ನಿಂತೈತಿ ಅಂದ್ರ ಇದು ಮುಳುಗಂಗಿಲ್ಲ ತಮ್ಮಾ, ಆದ್ರ ಮುಳುಗಂಗಿಲ್ಲ ಅನ್ನೂದು ಬ್ಯಾರೆ, ಲಾಭ ಬರತೈತಿ ಅನ್ನೂದು ಬ್ಯಾರೆ" ಅಂದ್ರು. ಇಡೀ ಚರ್ಚೇಲಿ ನನಗೆ ಅತೀ ಉಪಯೋಗಕ್ಕೆ ಬಂದ ಮಾತು ಅದು. ಬೆಂಗಳೂರಿಂದ ಅಪ್ಪ ಬೇರೆ, 2012ರಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿದ್ದನ್ನ ನಾವೆಲ್ಲಾ ಕಣ್ಣಾರೆ ನೋಡಿದೀವಲ್ಲಪ್ಪ, ವಿಮಾನದ ಷೇರಿನ ಸಹವಾಸ ಯಾಕೆ ನಿಂಗೆ ಅಂತ.

ಅಷ್ಟರಲ್ಲಿ ಸುದ್ದಿ ಮೇಲೆ ಸುದ್ದಿ. ಏಪ್ರಿಲ್ 21ಕ್ಕೆ ವರ್ಜಿನ್ ಆಸ್ಟ್ರೇಲಿಯಾ ಅನ್ನೋ ವಿಮಾನ ಕಂಪನಿ ಕೈಚೆಲ್ತು, ಅದರಲ್ಲಿ ಸಿಂಗಾಪುರ್ ಏರ್‌ಲೈನ್ಸ್‌ದೂ ಸುಮಾರು 20 ಪರ್ಸೆಂಟ್ ಪಾಲಿತ್ತು. ಮೇ 2ಕ್ಕೆ ವಾರೆನ್ ಬಫೆಟ್ ತನ್ನ ಹತ್ರ ಇದ್ದ ಅಮೆರಿಕದ ನಾಲ್ಕೂ ಏರ್‌ಲೈನ್ಸ್ ಷೇರು ಮಾರಿಬಿಟ್ಟೆ ಅಂತ ಹೇಳಿದ್ರು, ಆವತ್ತು ರಾತ್ರಿ ಮಂಗಳೂರಿನೋನ ಫೋನ್ ಮೂರು ಸಲ ಬಂತು. ಮೇ 14ಕ್ಕೆ ಕಂಪನಿ ರಿಸಲ್ಟು, 21.2 ಕೋಟಿ ಡಾಲರ್ ಲಾಸು, ಅವರ ಇತಿಹಾಸದಲ್ಲೇ ಮೊದಲನೇ ವಾರ್ಷಿಕ ನಷ್ಟ. ನಾವು ದುಡ್ಡು ಕಟ್ಟೋ ಡೇಟು ಅದೇ ತಿಂಗಳ ಕೊನೆಗೆ. ಇಂಥ ಹೊತ್ತಲ್ಲಿ ಧೈರ್ಯ ಮಾಡೋದು ಸುಲಭ ಅಲ್ಲ, ಆಮೇಲೆ ರೇಟು ಏರಿದ ಮೇಲೆ ನಂಗೊತ್ತಿತ್ತು ಅನ್ನೋರು ಬಹಳ ಜನ ಸಿಗ್ತಾರೆ, ಆವತ್ತು ಯಾರಿಗೂ ಗೊತ್ತಿರ್ಲಿಲ್ಲ.

ಸರಿ, ಸ್ಕೀಮ್ ಹೇಗಿತ್ತು ಅಂತ ನನ್ನ ಅಭಿಪ್ರಾಯ. ಷೇರಿನ ಭಾಗ ನ್ಯಾಯವಾಗಿತ್ತು. 6.50ರ 1,000 ಮತ್ತೆ 3ರ 1,500 ಕೂಡಿಸಿ ಭಾಗಿಸಿದ್ರೆ 4.40 ಬರುತ್ತೆ, ಅಂದ್ರೆ ಹೊಸ ಷೇರು ಬಂದ್ಮೇಲೆ ರೇಟು ಆ ಹತ್ರಕ್ಕೆ ಇಳಿಯೋದು ಲೆಕ್ಕದ ಪ್ರಕಾರ ಸಹಜ. ಅಲ್ಲಿಗೆ ಗೊತ್ತಾಗುತ್ತೆ, 3 ಡಾಲರ್ ಅನ್ನೋದು ಗಿಫ್ಟ್ ಅಲ್ಲ, ನಮ್ಮ ಹಳೇ ಷೇರಿನ ಬೆಲೆನೇ ಒಡೆದು ಅದರ ಒಂದು ಪಾಲು ನಮ್ಮ ಕೈಗೇ ವಾಪಸ್ ಕೊಡ್ತಿದಾರೆ. ಹಾಗಾಗಿ ತಗೊಳ್ಳಿ, ಇಲ್ಲಾ ಆ ಹಕ್ಕನ್ನ ಮಾರ್ಕೆಟ್ಟಲ್ಲಿ ಮಾರಿ. ಸುಮ್ನೆ ಕೂತ್ರೆ ಮಾತ್ರ ಖಂಡಿತಾ ನಷ್ಟ. ತಮ್ಮನಿಗೂ ಇದನ್ನೇ ಹೇಳಿದೆ.

ಬಾಂಡು ಮಾತ್ರ ತಲೆ ತಿಂತು. ಮ್ಯಾಂಡೇಟರಿ ಕನ್ವರ್ಟಿಬಲ್, ಅಂದ್ರೆ ಕೊನೆಗೆ ಷೇರಾಗಿ ಬದಲಾಗಲೇಬೇಕಾದ ಬಾಂಡು, ಹತ್ತು ವರ್ಷ, ಮಧ್ಯೆ ಒಂದು ಪೈಸೆ ಬಡ್ಡಿ ಕೈಗೆ ಬರಲ್ಲ. ಕಂಪನಿ ಮನಸ್ಸು ಮಾಡಿ ಮೊದಲ ನಾಲ್ಕು ವರ್ಷದಲ್ಲಿ ವಾಪಸ್ ತಗೊಂಡ್ರೆ ವರ್ಷಕ್ಕೆ 4 ಪರ್ಸೆಂಟ್ ಲೆಕ್ಕ, ಆಮೇಲೆ 5, ಕೊನೆಗೆ 6. ತಗೊಳ್ಲೇ ಇಲ್ಲ ಅಂದ್ರೆ ಹತ್ತನೇ ವರ್ಷ 1,000 ಡಾಲರ್ ಬಾಂಡು 1,806 ಅಂತ ಆಗಿ, ಷೇರಿಗೆ 4.84 ಲೆಕ್ಕದಲ್ಲಿ ಸುಮಾರು 373 ಷೇರು ಕೈಗೆ ಬರುತ್ತೆ, ದುಡ್ಡಲ್ಲ. ವಾಪಸ್ ಕೊಡೋದು ಬಿಡೋದು ಪೂರ್ತಿ ಅವರ ಇಷ್ಟ, ನಾವು ಕೇಳೋ ಹಂಗಿಲ್ಲ. ಬಾಂಡ್ ಅನ್ನೋ ಹೆಸರು ಕೇಳಿ ಎಫ್‌ಡಿ ಥರ ಅಂದ್ಕೊಂಡೋರು ಇದ್ರು, ಇದು ಮೋಸ ಅಂತ ನಾನು ಹೇಳಲ್ಲ, ಎಲ್ಲಾ ಬರೆದೇ ಕೊಟ್ಟಿದ್ರು, ಆದ್ರೆ ರಿಟೈರ್ ಆದೋರಿಗೆ ಅರ್ಥ ಆಗೋ ಭಾಷೆ ಅಲ್ಲ ಅದು. ಕೊನೆಗೆ ಷೇರಿಗೆ ಜನ ಮುಗಿಬಿದ್ರು, ಬಾಂಡಿಗೆ ಅಷ್ಟು ಬರಲಿಲ್ಲ. ಒಳ್ಳೇದೇನಂದ್ರೆ ಎರಡನ್ನೂ ಒಂದಕ್ಕೊಂದು ಕಟ್ಟಿರ್ಲಿಲ್ಲ, ಷೇರು ತಗೊಂಡು ಬಾಂಡು ಬಿಡಬಹುದಿತ್ತು. ನಾನು 1,500 ಷೇರು ಪೂರ್ತಿ ತಗೊಂಡೆ, ಬಾಂಡು 1,000 ಮಾತ್ರ.

ಅಪ್ಲೈ ಮಾಡೋದು ನಿಜಕ್ಕೂ ಸುಲಭ, ಅದಕ್ಕೆ ಪೂರ್ತಿ ಮಾರ್ಕು. ಸಿಡಿಪಿ ಅಕೌಂಟಲ್ಲಿ (ಇಲ್ಲಿ ನಮ್ಮದೇ ಹೆಸರಲ್ಲಿ ಷೇರು ಇಡೋ ಡಿಪಾಸಿಟರಿ) ಷೇರಿದ್ರೆ ಮನೆ ಕೆಳಗಿನ ಎಟಿಎಂನಲ್ಲೇ ಆಗುತ್ತೆ. ನಮ್ಮ ಬ್ಲಾಕಲ್ಲಿ ಒಬ್ರು ಚೈನೀಸ್ ಅಂಕಲ್ ಇದಾರೆ, ಟ್ಯಾಕ್ಸಿ ಓಡಿಸ್ತಿದ್ರು, ಅವರದೂ 1,000 ಷೇರು. ಲಿಫ್ಟ್ ಹತ್ರ ಸಿಕ್ಕಾಗ ಕೇಳಿದ್ರೆ ಈ ರೈಟ್ಸ್ ಬಗ್ಗೆ ಬಂದ ಲೆಟರ್ ಓದಿ ಅರ್ಥ ಆಗ್ದೆ ಡ್ರಾಯರಲ್ಲಿ ಹಾಕಿಬಿಟ್ಟಿದಾರೆ! ಇನ್ನು ಎರಡೇ ದಿನ ಇತ್ತು. ಕಾಗದದಲ್ಲಿ ಲೆಕ್ಕ ಬರೆದು ತೋರಿಸ್ದೆ, ರಾತ್ರಿ ಯೋಚನೆ ಮಾಡಿ ಬೆಳಿಗ್ಗೆ ಅವರೇ ಬಾಗಿಲು ತಟ್ಟಿದ್ರು. ಇಬ್ರೂ ಮಾಸ್ಕ್ ಹಾಕ್ಕೊಂಡು ಹೋದ್ವಿ, ನೆಲದ ಮೇಲೆ ದೂರ ನಿಲ್ಲೋಕೆ ಟೇಪ್ ಅಂಟಿಸಿದ್ರಲ್ಲ, ನಾನು ಆ ಗೆರೆ ಹಿಂದೆ ನಿಂತು ಹೇಳೋದು, ಅವರು ಕನ್ನಡಕ ಮೇಲೆತ್ತಿ ಒಂದೊಂದೇ ನಂಬರ್ ಒತ್ತೋದು, 1,500 ಅಂತ ಒತ್ತಿ ಮೂರು ಸಲ ಸೊನ್ನೆ ಎಣಿಸಿದ್ರು. ಷೇರು ಮಾತ್ರ, ಬಾಂಡು ಬೇಡ ಅಂದ್ರು. ಬಂದ ಚೀಟಿನ ಮಡಚಿ ಪಾಸ್‌ಬುಕ್ ಒಳಗೆ ಇಟ್ಕೊಂಡ್ರು.

ಪೆಟ್ಟು ಬಿದ್ದಿದ್ದು ನಮ್ಮನೇಲೇ. ಹೆಂಡ್ತಿಯ 500 ಷೇರು ಒಬ್ಬ ಆನ್‌ಲೈನ್ ಬ್ರೋಕರ್ ಹತ್ರ ಇತ್ತು, ಹೆಸರು ಬೇಡ, ಕಮಿಷನ್ ಕಮ್ಮಿ ಅಂತ ಅಲ್ಲಿ ತೆಗೆದಿದ್ವಿ. ಅಲ್ಲಿ ದಾಖಲೆಯಲ್ಲಿ ಷೇರು ಇರೋದು ಬ್ರೋಕರ್ ಹೆಸರಲ್ಲಿ, ಹಾಗಾಗಿ ಎಟಿಎಂ ದಾರಿ ಇಲ್ಲ, ಅವರಿಗೇ ಹೇಳ್ಬೇಕು, ಮತ್ತೆ ಅವರು ತಮ್ಮದೇ ಒಂದು ಕೊನೇ ದಿನ ಇಟ್ಕೊಂಡಿದ್ರು, ಕಂಪನಿ ಡೇಟಿಗಿಂತ ಎಷ್ಟೋ ದಿನ ಮುಂಚೆ. ಒಂದು ಇಮೇಲ್ ಕಳಿಸಿದ್ರಂತೆ, ಆಫರ್ ಮೇಲ್‌ಗಳ ಮಧ್ಯೆ ಬಿದ್ದಿತ್ತು. ನಾವು ನೋಡಿದಾಗ ಮುಗಿದಿತ್ತು, ಹಕ್ಕು ಮಾರೋ ಟೈಮೂ ದಾಟಿತ್ತು. 750 ಷೇರಿನ ಹಕ್ಕು ಗಾಳಿಗೆ ಹೋಯ್ತು. ಕಸ್ಟಮರ್ ಕೇರಲ್ಲಿ ಟರ್ಮ್ಸ್‌ನಲ್ಲಿದೆ ಸಾರ್ ಅಂದ್ರು ಅಷ್ಟೇ. ನಿಮ್ಮ ಷೇರು ಬ್ರೋಕರ್ ಕಸ್ಟಡಿಯಲ್ಲಿದ್ರೆ ರೈಟ್ಸ್ ಸುದ್ದಿ ಬಂದ ದಿನವೇ ಫೋನ್ ಮಾಡಿ ಅವರ ಡೇಟ್ ಕೇಳಿ, ದಯವಿಟ್ಟು.

ಮುಂದಿನದು ಗೊತ್ತಿರೋದೇ. ಮುಂದಿನ ವರ್ಷ 427 ಕೋಟಿ ಲಾಸು, 2021ರಲ್ಲಿ ಮತ್ತೆ ಬಾಂಡು, 100 ಷೇರಿಗೆ 209, ಅಂದ್ರೆ ನನ್ನ 2,500 ಷೇರಿಗೆ 5,225 ಡಾಲರ್. ಈ ಸಲ ನಮ್ಮಲ್ಲಿ ಯಾರ ಹತ್ರಾನೂ ದುಡ್ಡೂ ಇರ್ಲಿಲ್ಲ, ತಾಳ್ಮೆನೂ ಇರ್ಲಿಲ್ಲ, ನಾನು ಬಿಟ್ಟೆ. ಆಮೇಲೆ ಗಡಿಗಳು ತೆರೆದವು. 2022ರ ಡಿಸೆಂಬರ್ 8ಕ್ಕೆ ಮೊದಲ ಬಾಂಡೆಲ್ಲಾ ವಾಪಸ್ ತಗೊಂಡ್ರು, ನನ್ನ 1,000ಕ್ಕೆ 1,104 ಡಾಲರ್ 8 ಸೆಂಟ್ ಬಂತು. ಮಾತು ಕೊಟ್ಟಂಗೆ, ಸೆಂಟ್ ಸಮೇತ. 2022-23ರಲ್ಲಿ 216 ಕೋಟಿ ಲಾಭ, ಆಗಿನವರೆಗೆ ಅವರ ದಾಖಲೆ, 2023ರ ಜುಲೈ ಹೊತ್ತಿಗೆ ಷೇರು 7 ಡಾಲರ್ ದಾಟಿತ್ತು. ಮಂಗಳೂರಿನೋನು ಹೇಳಿದ ರಿಸ್ಕು ಸುಳ್ಳೇನಲ್ಲ, ಅವನ ಸಾಲದ ಕಂತಿಗೆ ಅವತ್ತು ಬೇಡ ಅಂದಿದ್ದೇ ಸರಿ ಇತ್ತು, ನಾನು ಯಾವತ್ತೂ ಅವನಿಗೆ ನೋಡಿದ್ಯಾ ಅಂತ ಅಂದಿಲ್ಲ.

ಒಟ್ಟಾರೆ ಷೇರಿಗೆ ಐದಕ್ಕೆ ನಾಲ್ಕು, ಬಾಂಡಿಗೆ ಮೂರು, ಬ್ರೋಕರಿಗೆ ಸೊನ್ನೆ.

2023ರ ಆಗಸ್ಟಲ್ಲಿ ಷೇರಿಗೆ 28 ಸೆಂಟ್ ಡಿವಿಡೆಂಡ್ ಬಂತು. ಅಂಕಲ್ ಪಾಸ್‌ಬುಕ್ ತಗೊಂಡು ನಮ್ಮನೆಗೇ ಬಂದ್ರು, 700 ಡಾಲರ್ ಎಂಟ್ರಿ ಮೇಲೆ ಬೆರಳಿಟ್ಟು ತೋರಿಸಿದ್ರು, ಆ ಎಟಿಎಂ ಚೀಟಿ ಇನ್ನೂ ಅದೇ ಹಾಳೆಯಲ್ಲಿತ್ತು, ಅಕ್ಷರ ಎಲ್ಲಾ ಮಾಸಿಹೋಗಿತ್ತು. ಹೆಂಡ್ತಿಯ 500 ಷೇರಿಗೆ ಬಂದಿದ್ದು 140. ಆ ವಾರವೇ ಅವಳು ಷೇರನ್ನ ಸಿಡಿಪಿಗೆ ಟ್ರಾನ್ಸ್‌ಫರ್ ಮಾಡೋ ಫಾರಂ ತುಂಬಿದ್ಲು.