ಕಾಕರ್ ಸ್ಪೇನಿಯಲ್‌ನ ಕಿಡ್ನಿ ಕಾಯಿಲೆ: ಮೂತ್ರ ಪರೀಕ್ಷೆಯೋ, ಡಿಎನ್‌ಎ ಪರೀಕ್ಷೆಯೋ?

ಇಂಗ್ಲಿಷ್ ಕಾಕರ್ ಸ್ಪೇನಿಯಲ್‌ಗಳಲ್ಲಿ ವಂಶದಿಂದ ಬರುವ ಕಿಡ್ನಿ ಕಾಯಿಲೆಯೊಂದಿದೆ. ಸಾಮಾನ್ಯವಾಗಿ 2 ವರ್ಷದೊಳಗೆ ಕಿಡ್ನಿ ಕೈಕೊಡುತ್ತದೆ.

ಮೂತ್ರ ಪರೀಕ್ಷೆ ಸುಲಭ, ಹತ್ತಿರದ ಪಶುವೈದ್ಯರಲ್ಲೇ ಆಗುತ್ತದೆ. ಆದರೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸುವುದು ಸುಮಾರು 5ರಿಂದ 8 ತಿಂಗಳಿಗೆ. ಅಷ್ಟರಲ್ಲಿ ಮರಿ ಯಾರದೋ ಮನೆ ಸೇರಿ, ಮನೆಮಂದಿಗೆಲ್ಲ ಮುದ್ದಾಗಿರುತ್ತದೆ, ಅಲ್ವಾ?

ಡಿಎನ್‌ಎ ಪರೀಕ್ಷೆ ಒಂದೇ ಸಲ ಸಾಕು. ಕೆನ್ನೆಯ ಒಳಗಿನಿಂದ ಸ್ವಾಬ್ ತೆಗೆಯುತ್ತಾರೆ. ತಾನು ಆರೋಗ್ಯವಾಗಿಯೇ ಇದ್ದು, ಈ ಕಾಯಿಲೆಯ ಜೀನ್ ದೋಷವನ್ನು ಮರಿಗಳಿಗೆ ದಾಟಿಸಬಲ್ಲ ವಾಹಕ ನಾಯಿಯನ್ನೂ ಇದು ಹಿಡಿಯುತ್ತದೆ. ಮೂತ್ರ ಪರೀಕ್ಷೆಗೆ ಅದು ಸಿಗುವುದೇ ಇಲ್ಲ. ಎರಡು ವಾಹಕಗಳನ್ನು ಕೂಡಿಸಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25. ಹಾಗಂತ ಒಳ್ಳೆಯ ವಾಹಕ ನಾಯಿಯನ್ನು ಸುಮ್ನೆ ದೂರ ಇಡಬೇಡಿ. ಅದಕ್ಕೆ ಕೂಡಿಸುವ ಜೋಡಿ ಮಾತ್ರ ಆ ಜೀನ್ ದೋಷ ಇಲ್ಲದ್ದಾಗಿರಲಿ.

ಮರಿ ಹಾಕಿಸುವವರು ಡಿಎನ್‌ಎ ಪರೀಕ್ಷೆಯನ್ನೇ ಮಾಡಿಸಿ. ಕಾಯಿಲೆ ಬರಲಿದೆ ಎಂದು ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾದ ಮರಿಯನ್ನು ಸಾಕುವವರಿಗೆ ಮೂತ್ರ ಪರೀಕ್ಷೆ ಆಗಾಗ ಬೇಕಾಗುತ್ತದೆ.